ಕಸೂತಿಗೆ ಒಪ್ಪುವ ಚೌಕಟ್ಟನ್ನು ಆರಿಸುವುದು ಹೇಗೆ?

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ರೈತ ಕುಟುಂಬಗಳಿಗೆ ವರ್ಷದ ಲೆಕ್ಕ ಆರಂಭವಾಗುವುದು ಮಳೆಯಿಂದ. ಭರಣಿ ಮಳೆ ಹದವಾಗಿ ಬಿತ್ತೆಂದರೆ ಗುಂಡ್ಲುಪೇಟೆ ತಾಲ್ಲೂಕಿನ ಖುಷ್ಕಿ ಹೊಲಗಳಲ್ಲಿ ಬಿತ್ತನೆಯ ಗಡಿಬಿಡಿ ಶುರುವಾಗುತ್ತದೆ. ಸೂರ್ಯಕಾಂತಿ, ಚೆಂಡುಹೂ, ಹತ್ತಿ, ಜೋಳ ಒಂದರ ಹಿಂದೊಂದು ಕೆಲಸ ತರುತ್ತವೆ. ಬಿತ್ತನೆ, ಕಳೆ, ಕೊಯ್ಲು ಮುಗಿಯುವವರೆಗೆ ಮನೆಯ ಹೆಂಗಸರಿಗೆ ಕೈಬಿಡುವು ಎಂಬುದಿಲ್ಲ. ಹುರುಳಿ ಮನೆಗೆ ಬಂದ ಮೇಲೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಮಾತ್ರ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಅನೇಕ ಮನೆಗಳಲ್ಲಿ ಮ್ಯಾಟಿ ಬಟ್ಟೆ, ಸೂಜಿ, ಬಣ್ಣದ ದಾರ ಪೆಟ್ಟಿಗೆಯಿಂದ ಹೊರಬರುತ್ತವೆ.

ನಾನು ಬೇಸಾಯ ಶಾಸ್ತ್ರದವಳು. ಸೂಜಿ ದಾರದ ವಿಷಯವನ್ನು ನಾನು ಬರೆಯುವುದು ಓದುಗರಿಗೆ ವಿಚಿತ್ರವೆನಿಸಬಹುದು. ಇದಕ್ಕೆ ಕಾರಣವಾದದ್ದು ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ನಡೆದ ಸಣ್ಣ ಘಟನೆ. ಹೊಲದಲ್ಲಿ ಕಳೆಗಳನ್ನು ಎಣಿಸಲು ನಾವು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮರದ ಚೌಕಟ್ಟನ್ನು ಬಳಸುತ್ತೇವೆ. ಅದನ್ನು ನೆಲದ ಮೇಲಿಟ್ಟು ಒಳಗೆ ಎಷ್ಟು ಗಿಡ ಇವೆಯೆಂದು ಲೆಕ್ಕ ಹಾಕುತ್ತೇವೆ. ಆ ದಿನ ಹೊಲದ ಒಡತಿ ಚೌಕಟ್ಟನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇಂಥದೊಂದ್ ಚೌಕ ನಂಗೂ ಇದ್ದಿದ್ರೆ ನನ್ ಗೋಪಾಲಪ್ಪ ಕೆಡ್ತಿರ್ನಿಲ್ಲ ಕಣಿ ಮೇಡಂ" ಎಂದರು.

ಮನೆಗೆ ಹೋದಾಗ ಅವರು ಬಟ್ಟೆ ತಂದು ತೋರಿಸಿದರು. ಕೊಳಲು ಹಿಡಿದ ಗೋಪಾಲಸ್ವಾಮಿಯ ಚಿತ್ರ. ಕ್ರಾಸ್ ಸ್ಟಿಚ್‌ನಲ್ಲಿ ಮುಕ್ಕಾಲು ಪಾಲು ಮುಗಿದಿತ್ತು. ಮಗಳ ಮದುವೆಯ ಹೊತ್ತಿಗೆ ಗಾಜು ಹಾಕಿಸಿ ಕೊಡಬೇಕೆಂದು ಹೊಲಿದದ್ದು. ಅಷ್ಟರಲ್ಲಿ ಮಳೆ ಬಂದು ಬಿತ್ತನೆಗೆ ಇಳಿದರು. ಬಟ್ಟೆ ರಿಂಗಿನಲ್ಲೇ ಬಿಗಿದಂತೆ ಎರಡು ತಿಂಗಳು ಗೋಡೆಯ ಮೊಳೆಯಲ್ಲಿ ತೂಗಿತು. ಮತ್ತೆ ತೆಗೆದು ನೋಡಿದಾಗ ದೇವರ ಮುಖದ ಸುತ್ತ ರಿಂಗಿನ ಅಚ್ಚು ಬಿದ್ದಿತ್ತು. ತಿರುಪು ತಾಗಿದ್ದ ಕಡೆ ತುಕ್ಕಿನ ಕಂದು ಕಲೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರು. ಕಲೆ ಸ್ವಲ್ಪ ಮಾಸಿತು, ಅದರ ಜೊತೆಗೆ ಪಕ್ಕದ ನೀಲಿ ದಾರದ ಬಣ್ಣವೂ ಮಾಸಿತು. ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಅವರ ಕೆಲಸದ ರೀತಿಗೆ ಒಪ್ಪದ ಚೌಕಟ್ಟನ್ನು ಬಳಸಿದ್ದೇ ತಪ್ಪು.

ಚೌಕಟ್ಟು ಏಕೆ ಬೇಕು?

ಕ್ರಾಸ್ ಸ್ಟಿಚ್ ನಮಗೆ ಹೊಸದಲ್ಲ. ಧಾರವಾಡ ಭಾಗದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಇವುಗಳಲ್ಲಿ ಮೆಂತಿಯೇ ಕ್ರಾಸ್ ಸ್ಟಿಚ್. ಮೆಂತ್ಯದ ಕಾಳಿನಂತೆ ಕಾಣುವುದರಿಂದ ಆ ಹೆಸರು. ಅಲ್ಲಿಯ ಹಿರಿಯರು ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ಗೋಪುರ, ರಥ, ಆನೆ, ತುಳಸಿ ಕಟ್ಟೆಗಳನ್ನು ಮೂಡಿಸುತ್ತಾರೆ. ಪಳಗಿದ ಕೈಗೆ ಚೌಕಟ್ಟು ಇಲ್ಲದೆಯೂ ನಡೆಯುತ್ತದೆ.

ಆದರೆ ಎಣಿಸುವ ಹೊಲಿಗೆಗೆ ಚದರ ಮನೆಗಳು ಚದರವಾಗಿಯೇ ಇರಬೇಕು. ಬಟ್ಟೆಯ ಹಾಸು ಮತ್ತು ಹೊಕ್ಕು ಒಂದಕ್ಕೊಂದು ನೇರ ಮೂಲೆಯಲ್ಲಿ ನಿಂತರೆ ಗುಣಾಕಾರದ ಗುರುತು ಸಮನಾಗಿ ಬೀಳುತ್ತದೆ. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಅಂತರ ಕೆಟ್ಟರೆ ಎಡೆಕುಂಟೆ ಹೊಡೆಯುವುದು ಹೇಗೆ ಕಷ್ಟವೋ ಇದೂ ಹಾಗೆಯೇ. ಬಿಗಿ ಕಡಿಮೆಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಹೆಚ್ಚಾದರೆ ಎಳೆಗಳು ಸರಿದು ಮನೆ ಓರೆಯಾಗುತ್ತದೆ. ಒಂದೇ ಹದದ ಬಿಗಿ ಕೊಡುವುದೇ ಚೌಕಟ್ಟಿನ ಕೆಲಸ.

ಮೊದಲು ಅಳತೆ, ಆಮೇಲೆ ಅಂಗಡಿ

ಚೌಕಟ್ಟು ಕೊಳ್ಳುವ ಮೊದಲು ಚಿತ್ರದ ಅಳತೆ ತಿಳಿದಿರಬೇಕು. ಉದಾಹರಣೆಗೆ, ಚಿತ್ರವು 140 ಮನೆ ಎತ್ತರ, 112 ಮನೆ ಅಗಲ ಇದೆ ಎನ್ನೋಣ. ಬಟ್ಟೆಯಲ್ಲಿ ಇಂಚಿಗೆ 14 ಮನೆಗಳಿದ್ದರೆ ಚಿತ್ರದ ಅಳತೆ 10 ಇಂಚು ಎತ್ತರ, 8 ಇಂಚು ಅಗಲ. ನಾಲ್ಕೂ ಕಡೆ 3 ಇಂಚು ಅಂಚು ಬಿಟ್ಟರೆ 16 ಇಂಚು ಎತ್ತರ, 14 ಇಂಚು ಅಗಲದ ಬಟ್ಟೆ ಬೇಕು. ಅಂಚನ್ನು ಉಳಿಸಲು ಹೋಗಬಾರದು. ಚೌಕಟ್ಟು ಹಿಡಿಯುವುದೂ, ಕೊನೆಗೆ ಗಾಜು ಹಾಕುವವನು ಮಡಚುವುದೂ ಆ ಅಂಚನ್ನೇ.

ಇನ್ನೊಂದು ಲೆಕ್ಕವೂ ಮುಖ್ಯ. ಈ ಚಿತ್ರ ಪೂರ್ತಿ ತುಂಬಿದರೆ 15,680 ಹೊಲಿಗೆಗಳಾಗುತ್ತವೆ. ಗಂಟೆಗೆ 100 ಹೊಲಿಗೆ ಎಂದು ಹಿಡಿದರೆ ಸುಮಾರು 157 ಗಂಟೆಯ ಕೆಲಸ. ದಿನಕ್ಕೆ ಎರಡು ಗಂಟೆ ಕುಳಿತರೂ 78 ದಿನ ಬೇಕು. ಸಂಕ್ರಾಂತಿಗೆ ಆರಂಭಿಸಿದ್ದು ಯುಗಾದಿಗೆ ಮುಗಿಯುವುದು ಕಷ್ಟ. ಆದುದರಿಂದ ರೈತ ಮಹಿಳೆಯು ಚೌಕಟ್ಟು ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ನಡುವೆ ಎರಡು ತಿಂಗಳು ಕೆಲಸ ನಿಂತರೆ ಬಟ್ಟೆಯನ್ನು ಸುಲಭವಾಗಿ ಬಿಚ್ಚಿ ಇಡಬಹುದೇ?

ಚೌಕಟ್ಟಿನ ವಿಧಗಳು

1. ರಿಂಗ್: ಒಂದರೊಳಗೊಂದು ಕೂರುವ ಎರಡು ಬಳೆಗಳು, ಹೊರಬಳೆಗೆ ತಿರುಪು ಇರುತ್ತದೆ. ಅಗ್ಗ, ಹಗುರ, ಎಲ್ಲೆಡೆ ಸಿಗುತ್ತದೆ. ಕೈಯಲ್ಲಿ ಹಿಡಿದು ಹೊಲಿಯುವವರಿಗೆ 5 ರಿಂದ 7 ಇಂಚಿನದು ಸಾಕು. ಅದಕ್ಕಿಂತ ದೊಡ್ಡದಾದರೆ ಬೆರಳು ನಡುವಿಗೆ ತಲುಪುವುದಿಲ್ಲ. ಒಳಬಳೆಗೆ ಬಿಳಿ ಹತ್ತಿಯ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ, ಅಚ್ಚೂ ಕಡಿಮೆ. ಬಲಗೈಯವರು ತಿರುಪನ್ನು ಗಡಿಯಾರದ 10 ರ ಜಾಗಕ್ಕೆ, ಎಡಗೈಯವರು 2 ರ ಜಾಗಕ್ಕೆ ಇಟ್ಟುಕೊಂಡರೆ ದಾರ ಸಿಕ್ಕಿಕೊಳ್ಳುವುದಿಲ್ಲ. ಪ್ರತಿದಿನ ಕೆಲಸ ಮುಗಿದೊಡನೆ ಬಟ್ಟೆಯನ್ನು ರಿಂಗಿನಿಂದ ತೆಗೆಯಲೇಬೇಕು. ಸಣ್ಣ ಹೂ, ಕರವಸ್ತ್ರ, ದಿಂಬಿನ ಮೂಲೆಗೆ ಇದು ಸರಿ. ತಿಂಗಳುಗಟ್ಟಲೆ ಹಿಡಿಯುವ ಚಿತ್ರಕ್ಕೆ ಅಷ್ಟು ಸರಿಯಲ್ಲ.

2. ಮೊಳೆ ಚೌಕಟ್ಟು: ನಾಲ್ಕು ಮರದ ಪಟ್ಟಿಗಳ ಚೌಕ. ಬಟ್ಟೆಯನ್ನು ಎಳೆದು ಸುತ್ತಲೂ ಗುಂಡುಪಿನ್ನು ಚುಚ್ಚುತ್ತಾರೆ. ಬಿಗಿ ಬಹಳ ಚೆನ್ನಾಗಿರುತ್ತದೆ, ಚಿತ್ರದ ಮೇಲೆ ಅಚ್ಚು ಬೀಳುವುದಿಲ್ಲ. ಆದರೆ ಪಿನ್ನು ಹಿತ್ತಾಳೆ ಅಥವಾ ತುಕ್ಕು ಹಿಡಿಯದ ಉಕ್ಕಿನದೇ ಆಗಿರಬೇಕು. ಬಿಚ್ಚಿ ಕಟ್ಟುವುದು ನಿಧಾನದ ಕೆಲಸ.

3. ಉರುಳೆ ಚೌಕಟ್ಟು: ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಸುತ್ತುವಂತೆ ಇಲ್ಲಿ ಮೇಲೊಂದು, ಕೆಳಗೊಂದು ಉರುಳೆ ಇರುತ್ತವೆ. ಉರುಳೆಗೆ ಹೊಡೆದ ಪಟ್ಟಿಗೆ ಬಟ್ಟೆಯನ್ನು ನೇರವಾಗಿ ಹೊಲಿದು ಸುತ್ತಬೇಕು. ಪಟ್ಟಿಯ ಉದ್ದ ಬಟ್ಟೆಯ ಅಗಲಕ್ಕಿಂತ ಹೆಚ್ಚಿರಲಿ. ಮೇಲಿನ ಉದಾಹರಣೆಯ 14 ಇಂಚಿನ ಬಟ್ಟೆಗೆ 16 ಇಂಚಿನ ಪಟ್ಟಿ ಒಳ್ಳೆಯದು. ಮೇಲೆ ಕೆಳಗೆ ಮಾತ್ರ ಬಿಗಿಯಾಗುವುದರಿಂದ ಪಕ್ಕದ ಅಂಚುಗಳನ್ನು ದಾರದಿಂದ ಕಟ್ಟಬೇಕಾಗುತ್ತದೆ. ದೊಡ್ಡ ಚಿತ್ರಕ್ಕೆ ಇದು ಉತ್ತಮ.

4. ಪೈಪಿನ ಚೌಕಟ್ಟು: ಪ್ಲಾಸ್ಟಿಕ್ ಪೈಪಿನ ಚೌಕದ ಮೇಲೆ ಬಟ್ಟೆ ಹಾಸಿ, ಸೀಳಿದ ಪೈಪಿನ ತುಂಡುಗಳನ್ನು ಮೇಲಿನಿಂದ ಒತ್ತಿ ಕೂರಿಸುವುದು. ತಿರುಪಿಲ್ಲ, ಮೊಳೆಯಿಲ್ಲ, ತುಕ್ಕಿಲ್ಲ. ಕ್ಷಣದಲ್ಲಿ ಬಿಚ್ಚಬಹುದು. ನಮ್ಮ ರೈತ ಮನೆಗಳಿಗೆ ಇದೇ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ.

ಮನೆಯಲ್ಲೇ ಪೈಪಿನ ಚೌಕಟ್ಟು

ನೀರಿನ ಕೊಳಾಯಿ ಹಾಕಿಸಿದ ಮನೆಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು ಬಿದ್ದೇ ಇರುತ್ತದೆ. 6 ಅಡಿ ಪೈಪು ಮತ್ತು 4 ಮೊಣಕೈಗಳು (ಎಲ್ಬೋ) ಸಾಕು.

• 10 ಇಂಚಿನ 4 ತುಂಡು ಕತ್ತರಿಸಿ, ಮೊಣಕೈಗಳಿಂದ ಚೌಕವಾಗಿ ಜೋಡಿಸಿ. ಅಂಟು ಹಾಕಬೇಡಿ, ಬಿಚ್ಚುವಂತಿರಲಿ.
• ಉಳಿದ ಪೈಪಿನಲ್ಲಿ 8 ಇಂಚಿನ 4 ತುಂಡು ಕತ್ತರಿಸಿ. ಪ್ರತಿಯೊಂದರ ಸುತ್ತಳತೆಯಲ್ಲಿ ಮೂರನೆಯ ಒಂದು ಭಾಗವನ್ನು ಉದ್ದಕ್ಕೂ ಸೀಳಿ ತೆಗೆಯಿರಿ. ಇವೇ ಹಿಡಿಕೆಗಳು.
• ಎಲ್ಲ ಅಂಚುಗಳನ್ನೂ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಪೈಪಿನ ಮೇಲೆ ಅಚ್ಚಾದ ಅಕ್ಷರಗಳನ್ನೂ ಉಜ್ಜಿ ತೆಗೆಯಿರಿ. ಇಲ್ಲವಾದರೆ ಶಾಯಿ ಬಟ್ಟೆಗೆ ಹತ್ತಬಹುದು.
• ಸೋಪಿನಿಂದ ತೊಳೆದು, ಒರೆಸಿ, ಒಣಗಿಸಿ ಬಳಸಿ.

ಬಟ್ಟೆ ಹಾಸಿ ನಾಲ್ಕೂ ಹಿಡಿಕೆಗಳನ್ನು ಒತ್ತಿದ ನಂತರ ಅವುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ಬಿಗಿ ಹೆಚ್ಚುತ್ತದೆ. ಚಿತ್ರ ದೊಡ್ಡದಿದ್ದರೆ ಒಂದು ಭಾಗ ಮುಗಿದ ಮೇಲೆ ಚೌಕಟ್ಟನ್ನು ಸರಿಸಿಕೊಳ್ಳಬಹುದು. ಚೌಕಟ್ಟನ್ನು ಬಿಸಿಲಿನಲ್ಲಿ ಬಿಡಬಾರದು. ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ.

ಮರ, ಬಿದಿರು, ಲಂಟಾನ

ಮರದ ಚೌಕಟ್ಟೇ ಬೇಕೆನ್ನುವವರು ಚೆನ್ನಾಗಿ ಒಣಗಿದ, ನೇರ ಎಳೆಯ ಮರವನ್ನು ಆರಿಸಬೇಕು. ಹಸಿ ಮರ ಒಣಗುವಾಗ ತಿರುಚಿ ಚೌಕ ಓರೆಯಾಗುತ್ತದೆ. ಹಲಸು ಮತ್ತು ಹೊನ್ನೆ ಗಟ್ಟಿ ಮರಗಳಾದರೂ ತೇವ ತಾಗಿದರೆ ಬಣ್ಣ ಬಿಡುತ್ತವೆ. ಬಿಳಿ ಬಟ್ಟೆಗೆ ಅವು ಬೇಡ. 1454 ಮೀಟರ್ ಎತ್ತರದ ಈ ಬೆಟ್ಟದ ಆಸುಪಾಸಿನಲ್ಲಿ ಮಳೆ, ಮಂಜಿನ ದಿನಗಳಲ್ಲಿ ಗಾಳಿಯೇ ತೇವವಾಗಿರುತ್ತದೆಂಬುದನ್ನು ಮರೆಯಬಾರದು.

ಬಿದಿರು ಹಗುರ, ಆದರೆ ಕುಟ್ಟೆ ಹುಳುವಿಗೆ ಬಲು ಇಷ್ಟ. ಹುಳುವನ್ನು ಸೆಳೆಯುವುದು ಬಿದಿರಿನೊಳಗಿನ ಪಿಷ್ಟ. ಕಡಿದ ಬಿದಿರನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿದರೆ ಪಿಷ್ಟ ಕರಗಿ ಹೋಗಿ ಬಾಳಿಕೆ ಹೆಚ್ಚುತ್ತದೆ. ಬೆಟ್ಟವು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಅಲ್ಲಿಂದ ಬಿದಿರು ಕಡಿದು ತರುವುದು ಅಪರಾಧ, ಆನೆಯ ಅಪಾಯವೂ ಉಂಟು. ಸ್ವಂತ ಹಿತ್ತಲಿನದು ಅಥವಾ ಕೊಂಡದ್ದನ್ನೇ ಬಳಸಿ.

ನಮ್ಮ ಕಳೆ ಲಂಟಾನವನ್ನೂ ಇಲ್ಲಿ ನೆನೆಯಬೇಕು. ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಕುಶಲಕರ್ಮಿಗಳು ಏಟ್ರೀ ಸಂಸ್ಥೆಯ ನೆರವಿನಿಂದ ಲಂಟಾನದ ಕಡ್ಡಿಗಳಲ್ಲಿ ಕುರ್ಚಿ, ಬುಟ್ಟಿಗಳನ್ನು ಮಾಡಿದ್ದಾರೆ. ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬೇಕಾದಂತೆ ಬಗ್ಗಿಸುತ್ತಾರೆ. ಬದುವಿನಲ್ಲಿ ಬೆಳೆದ ಲಂಟಾನವನ್ನು ಕಿತ್ತು ಸುಡುವ ಬದಲು ದಪ್ಪ ಕಡ್ಡಿಗಳಿಂದ ಚೌಕಟ್ಟನ್ನು ಹೊರುವ ಸ್ಟ್ಯಾಂಡಿನ ಕಾಲು ಮಾಡಿಕೊಳ್ಳಬಹುದು. ಬಟ್ಟೆ ತಾಗುವ ಚೌಕಕ್ಕೆ ಮಾತ್ರ ಬೇಡ; ಕಡ್ಡಿ ಅಷ್ಟು ನೇರವಾಗಿರುವುದಿಲ್ಲ.

ಸ್ಟ್ಯಾಂಡು ಬೇಕೇ?

ಚೌಕಟ್ಟನ್ನು ಸ್ಟ್ಯಾಂಡಿನ ಮೇಲಿಟ್ಟರೆ ಎರಡೂ ಕೈ ಬಿಡುವಾಗುತ್ತದೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ಸೂಜಿ ದಾಟಿಸಿದರೆ ಕೆಲಸ ಬೇಗ ಸಾಗುತ್ತದೆ, ಹಿಡಿದ ಬೆರಳು ಜೋಮು ಹಿಡಿಯುವುದಿಲ್ಲ. ಹಗಲೆಲ್ಲ ಕುಡುಗೋಲು ಹಿಡಿದ ಕೈಗೆ ಇದು ಸಣ್ಣ ವಿಷಯವಲ್ಲ.

ಅಂಗಡಿಯಲ್ಲಿ ಸಿಗುವ ಎತ್ತರದ ಸ್ಟ್ಯಾಂಡುಗಳು ಕುರ್ಚಿಯಲ್ಲಿ ಕುಳಿತು ಹೊಲಿಯುವವರಿಗಾಗಿ ಮಾಡಿದವು. ನಮ್ಮ ಹೆಂಗಸರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು. ಅಂಥವರಿಗೆ ರವಿಕೆಗೆ ಆರಿ ಕೆಲಸ ಮಾಡುವವರ ಮಗ್ಗದಂತೆ ತಗ್ಗಾದ ಸ್ಟ್ಯಾಂಡೇ ಸರಿ. ಕುಳಿತಾಗ ಭುಜ ಸಡಿಲವಾಗಿ ಇಳಿದಿದ್ದು, ಮೊಣಕೈ ನೇರ ಮೂಲೆಯಲ್ಲಿ ಬಾಗಿದರೆ ಬೆರಳು ಎಲ್ಲಿ ಬರುತ್ತದೋ ಅಷ್ಟು ಎತ್ತರಕ್ಕೆ ಬಟ್ಟೆ ಇರಲಿ. ಕತ್ತು ಬಗ್ಗಿಸಬೇಕಾಗಿ ಬಂದರೆ ಆ ಸ್ಟ್ಯಾಂಡು ನಿಮಗಲ್ಲ. ಬೆಳಕು ಬಲಗೈಯವರಿಗೆ ಎಡದಿಂದ, ಎಡಗೈಯವರಿಗೆ ಬಲದಿಂದ ಬೀಳಬೇಕು. ಅರ್ಧ ಗಂಟೆಗೊಮ್ಮೆ ಎದ್ದು ದೂರದ ಹಸಿರನ್ನು ನೋಡಿದರೆ ಕಣ್ಣಿಗೂ ಬೆನ್ನಿಗೂ ವಿಶ್ರಾಂತಿ.

ಮಳೆ ಬಂದಾಗ

ಕೆಲಸ ನಿಲ್ಲಿಸುವಾಗ ಹೀಗೆ ಮಾಡಿ: ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿ. ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ಬಿಡಬೇಡಿ. ಅದೂ ತುಕ್ಕು ಹಿಡಿಯುತ್ತದೆ. ಕಾಗದದ ಕೊಳವೆಗೆ ತೊಳೆದ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಚಿತ್ರ ಹೊರಮೈಗೆ ಬರುವಂತೆ ಸಡಿಲವಾಗಿ ಸುತ್ತಿರಿ. ಮಡಚಬೇಡಿ. ಹಳೆಯ ಪಂಚೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೂಷ್ಟು ಬರುತ್ತದೆ. ಎಲ್ಲಿಯವರೆಗೆ ಎಣಿಸಿದ್ದೀರೆಂದು ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಎರಡು ತಿಂಗಳ ನಂತರ ಅದು ನೆನಪಿರುವುದಿಲ್ಲ.

ಆ ಹೊಲದ ಒಡತಿ ಪೈಪಿನ ಚೌಕಟ್ಟು ಮಾಡಿಕೊಂಡು ಹೊಸ ಬಟ್ಟೆಯ ಮೇಲೆ ಗೋಪಾಲಸ್ವಾಮಿಯನ್ನು ಮೊದಲಿನಿಂದ ಆರಂಭಿಸಿದರು. ಮಗಳ ಮದುವೆ ಅಷ್ಟರಲ್ಲಿ ಆಗಿಹೋಗಿತ್ತು. ಮುಂದಿನ ಮಳೆಗಾಲದಲ್ಲಿ ನಾನು ಹೋದಾಗ ಅವರು ಚೆಂಡುಹೂವಿನ ಹೊಲದಲ್ಲಿದ್ದರು. ಬಟ್ಟೆ ಎಲ್ಲಿ ಎಂದು ಕೇಳಿದೆ. "ಸುತ್ತಿ ಪೆಟ್ಗೇಲಿ ಮಡ್ಗಿವ್ನಿ. ಸೊಂಟದ್ವರ್ಗೂ ಆಗದೆ. ಮೊಮ್ಮಗು ನಾಮಕರಣಕ್ಕೆ ಕೊಟ್ರಾಯ್ತು" ಎಂದರು.

ಸುಗ್ಗಿ ಮುಗಿದ ಮೇಲೆ ಪೆಟ್ಟಿಗೆ ತೆರೆದಾಗ ಬಟ್ಟೆ ಇಟ್ಟಂತೆಯೇ ಸಿಗಬೇಕು. ರೈತ ಮಹಿಳೆಗೆ ಒಳ್ಳೆಯ ಚೌಕಟ್ಟು ಎಂದರೆ ಅದೇ. ಚೌಕಟ್ಟು ಆರಿಸುವ ಬಗ್ಗೆ ಹೆಚ್ಚಿನ ಸಲಹೆ ಬೇಕಾದವರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಗೃಹ ವಿಜ್ಞಾನ ತಜ್ಞರನ್ನು ಕಂಡು ಮಾತನಾಡಬಹುದು.