ತೊಟ್ಟಿಲ ಚಿತ್ರದಿಂದ ಇತಿಹಾಸದ ಪುಟಕ್ಕೆ

ಧಾರವಾಡ ಸೀಮೆಯಲ್ಲಿ ಚೊಚ್ಚಲ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಕಲಘಟಗಿಯ ಬಣ್ಣದ ತೊಟ್ಟಿಲನ್ನೂ ಕೂಡಿಸಿ ಕಳಿಸುವ ಸಂಪ್ರದಾಯವುಂಟು. ಸಾಗವಾನಿಯ ಹಲಗೆಗೆ ಅರಗಿನ ಬಣ್ಣಗಳನ್ನು ಹಿಡಿಸಿ, ಅದರ ಮೇಲೆ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಚಿತ್ರಗಾರರು ಕೈಯಿಂದಲೇ ಬರೆಯುವರು. ಮಾತು ಬಾರದ ಕೂಸು ಆ ಬಣ್ಣಗಳನ್ನು ನೋಡುತ್ತ ಬೆಳೆದು, ನಿಲ್ಲಲು ಕಲಿತ ಮೇಲೆ ಒಂದು ಆಕೃತಿಯ ಮೇಲೆ ಬೆರಳಿಟ್ಟು ‘ಇಂವ ಯಾರ?’ ಎಂದು ಅಜ್ಜಿಯನ್ನು ಕೇಳಿದಾಗ ಪುರಾಣದ ಪಾಠ ತಾನಾಗಿ ಆರಂಭವಾಗುತ್ತದೆ. ಪುರಾಣಕ್ಕೆ ಲಭಿಸಿದ ಈ ಸುಯೋಗವು ಇತಿಹಾಸಕ್ಕೂ ಲಭಿಸಬೇಕೆಂಬುದು ನನ್ನ ಅಭಿಲಾಷೆ.

ಚಿತ್ರದ ಮೂಲಕ ಶಿಶುವಿಗೆ ಲೋಕವನ್ನು ಪರಿಚಯಿಸುವ ಯತ್ನ ಹೊಸದಲ್ಲ. ಕೊಮೇನಿಯಸ್ ಎಂಬ ಶಿಕ್ಷಣವೇತ್ತನ ಸಚಿತ್ರ ಗ್ರಂಥ ೧೬೫೮ರಷ್ಟು ಹಿಂದೆಯೇ ಯುರೋಪಿನಲ್ಲಿ ಅಚ್ಚಾಯಿತು; ನಮ್ಮಲ್ಲಿ ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ದೇಶವೆಲ್ಲ ಓದಿದ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಕನ್ನಡದಲ್ಲಿಯೇ ಪ್ರಕಟವಾದುವೆಂಬುದೂ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ‘ಭಾರತ-ಭಾರತಿ’ಯ ೫೧೦ ಕಿರುಹೊತ್ತಗೆಗಳನ್ನು ತಂದಿತೆಂಬುದೂ ನಮಗೆ ಹೆಮ್ಮೆಯ ಸಂಗತಿ. ಆದರೆ ಇವೆಲ್ಲವೂ ಅಕ್ಷರ ಬಲ್ಲ ಬಾಲಕರಿಗೆ ಸಲ್ಲುವಂಥವು. ನಾಲ್ಕೈದು ವರ್ಷದ ಮಗುವಿಗೆ ಶತಮಾನವೆಂದರೇನು, ಸಾಮ್ರಾಜ್ಯವೆಂದರೇನು? ಅದು ಬಲ್ಲ ಭೂತಕಾಲವೆಂದರೆ ಅಜ್ಜನ ಕಾಲ. ಅದು ಬಲ್ಲ ದೇಶವೆಂದರೆ ತನ್ನ ಓಣಿ. ಆದುದರಿಂದ ಅದರ ಇತಿಹಾಸವು ಯುದ್ಧ ಪಟ್ಟಾಭಿಷೇಕಗಳಿಂದಲ್ಲ, ಸಮೀಪದ ಮನುಷ್ಯನಿಂದ ಮೊದಲಾಗಬೇಕು.

ಉದಾಹರಣೆಗೆ, ಧಾರವಾಡ ಸೀಮೆಯದೇ ಆದ ಕುಂದಗೋಳದ ಮಗುವಿಗೆ ಅಂಥ ಮನುಷ್ಯನನ್ನು ಅರಸಿ ದೂರ ಹೋಗಬೇಕಾದುದಿಲ್ಲ. ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ೧೮೮೬ರಲ್ಲಿ ಜನಿಸಿದ ರಾಮಭಾವು, ಅಬ್ದುಲ್ ಕರೀಂಖಾನರಲ್ಲಿ ಕಿರಾಣಾ ಘರಾಣೆಯ ಗಾಯನವನ್ನು ಅಭ್ಯಸಿಸಿ, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿ, ಸವಾಯಿ ಗಂಧರ್ವರೆಂದು ವಿಖ್ಯಾತರಾದರು. ಅವರಲ್ಲಿ ಕಲಿಯಲೆಂದು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಹಾಡಿನ ಹುಚ್ಚಿನಿಂದ ಮನೆ ಬಿಟ್ಟು ಉತ್ತರ ಭಾರತವನ್ನೆಲ್ಲ ಅಲೆದ ಗದುಗಿನ ಹುಡುಗ ಭೀಮಸೇನ ಜೋಶಿ ಗುರುಗೃಹದಲ್ಲಿಯೇ ಉಳಿದು, ಕೊಡ ಹೊತ್ತು ನೀರು ತಂದು, ವಿದ್ಯೆ ಪಡೆದರು. ಓಡಿಹೋದ ಹುಡುಗ, ರೈಲು, ನೀರಿನ ಕೊಡ, ತಂಬೂರಿ: ಮಗುವಿನ ಪುಸ್ತಕಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಏತಕ್ಕೆ?

ಇಲ್ಲಿ ಚಿತ್ರಕಾರನ ಹೊಣೆ ಲೇಖಕನದಕ್ಕಿಂತ ಗುರುತರವಾದುದು. ‘ಗುರುಗಳು ಹಾಡಿದರು’ ಎಂದು ಬರೆದರೆ ಲೇಖಕನ ಕೆಲಸ ತೀರಿತು. ಚಿತ್ರಕಾರನಾದರೋ ಗುರುಗಳು ಯಾವ ರುಮಾಲು ಸುತ್ತಿದ್ದರು, ತಂಬೂರಿಯನ್ನು ಯಾವ ಕೈಯಲ್ಲಿ ಹಿಡಿದಿದ್ದರು, ಊರಿನ ನಾಡಗೀರ ಮನೆತನದ ವಾಡೆಯ ಕಂಬಕ್ಕೆ ಯಾವ ಕೆತ್ತನೆಯಿತ್ತು, ಮೀಟರ್‌ಗೇಜಿನ ಮೇಲೆ ಬರುತ್ತಿದ್ದ ಆ ಉಗಿಬಂಡಿ ಎಂತಿತ್ತು ಎಂಬುದನ್ನೆಲ್ಲ ಅರಿಯದೆ ಕುಂಚವನ್ನೆತ್ತಲಾರ. ಒಂದು ಸುಳ್ಳು ಗೆರೆ ಮಗುವಿನ ಮನಸ್ಸಿನಲ್ಲಿ ಆಜೀವ ನಿಲ್ಲುವುದಾದ್ದರಿಂದ, ಅಂದವಾದ ಅಸತ್ಯಕ್ಕಿಂತ ಒರಟಾದ ಸತ್ಯವೇ ಲೇಸು.

ಅರಿಯುವುದಕ್ಕೆ ಆಧಾರಗಳೂ ಉಂಟು. ನಾಡಗೀರರ ವಾಡೆ ನಿಂತಿದೆ. ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ ಅಲ್ಲಿ ನಡೆಯುತ್ತದೆ. ಊರಿನ ಶಂಭುಲಿಂಗನ ಗುಡಿಯ ಚಾಲುಕ್ಯ ಶಿಲ್ಪವೂ ಕಣ್ಣೆದುರಿಗಿದೆ. ಕಲಾವಿದ ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಧಾರವಾಡದಲ್ಲಿ ಕುಂಚ ಬಲ್ಲವರಿಗೆ ಕೊರತೆಯೇ? ಅವರಲ್ಲೊಬ್ಬರು ಮುಂದಿನ ಉತ್ಸವಕ್ಕೆ ಚಿತ್ರಪಟ ಹಿಡಿದು ಕುಂದಗೋಳಕ್ಕೆ ಬರಲಿ. ಅವರು ಬರೆದುದನ್ನು ಅಚ್ಚು ಹಾಕಿಸಿ ತಾಲೂಕಿನ ಅಂಗನವಾಡಿಗಳಿಗೆ ಮುಟ್ಟಿಸುವ ಭಾರವನ್ನು ಊರಿನ ಉಳ್ಳವರು ಹೊರಲಿ.