ತಾರಸಿ ಯಾರದು?

ಗೋವೆಯ ಮರ್ಮಗೋವಾ ಬಂದರಿನ ಮೇಲಣ ಗುಡ್ಡವೇ ಸಡಾ. ಬಂದರಿನ ದುಡಿಮೆ ನಂಬಿ ಬಂದ ಕನ್ನಡಿಗ ಕುಟುಂಬಗಳು ಅಲ್ಲಿ ಬೇರೂರಿವೆ. ಅಂಥವರು ಫ್ಲಾಟು ಕೊಳ್ಳಹೊರಟಾಗ, "ತಾರಸಿಯ ಹಕ್ಕೂ ನಿಮ್ಮದೇ, ಮೇಲೆ ಜಗಲಿ ಕಟ್ಟಿಕೊಳ್ಳಿ" ಎಂಬ ಆಸೆಯ ಮಾತು ಕೇಳಿಬರಬಹುದು. ಅದಕ್ಕೆ ಬೆಲೆಯೆಷ್ಟು?

2016ರ ರೇರಾ ಕಾಯಿದೆಯು ತಾರಸಿಯನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಗೆ ಸೇರಿಸಿದೆ. ಬಿಲ್ಡರನು ಅಂಥ ಜಾಗವನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಕಟ್ಟಡದ ಮಂಜೂರಾದ ನಕ್ಷೆ ಬದಲಿಸಲು ಬಿಲ್ಡರನಿಗೂ ಮೂರರಲ್ಲಿ ಎರಡು ಪಾಲು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಒಂದೇ ಮನೆಗೆ ಮೀಸಲಾದ ತೆರೆದ ತಾರಸಿಯೂ ಉಂಟು, ನಿಜ. ಆದರೆ ಅದು ನಕ್ಷೆಯಲ್ಲೂ ಕ್ರಯಪತ್ರದಲ್ಲೂ ಕಾಣಬೇಕು. ಕಾರ್ಪೆಟ್ ವಿಸ್ತೀರ್ಣದ ಲೆಕ್ಕಕ್ಕೆ ಅದು ಸೇರದು. ಹಕ್ಕಿದ್ದರೂ, ಅಲ್ಲಿ ಕಟ್ಟಲು ಸ್ಥಳೀಯ ಸಂಸ್ಥೆಯ ಪರವಾನಿಗೆ ಬೇರೆಯೇ ಬೇಕು.

ಇನ್ನು ಮಳೆಗಾಲ. ಜಗಲಿಯ ಕಂಬಕ್ಕೆ ಕೊರೆದ ತೂತಿನಿಂದ ನೀರಿಳಿದರೆ ನೆನೆಯುವುದು ಕೆಳಗಿನವರ ಮನೆ. ದುರಸ್ತಿಯ ಖರ್ಚು ಯಾರದೆಂಬುದೂ ಪತ್ರದಲ್ಲಿರಲಿ.

ಈ ಕಾಯಿದೆ ನಮ್ಮ ಕಾಸರಗೋಡಿಗೂ ಅನ್ವಯ. ಓದಲು ಬಾರದ ಭಾಷೆಯ ಪತ್ರಕ್ಕೆ ರುಜು ಹಾಕುವ ಸಂಕಟ ಸಡಾದವರಿಗೆ ಮಾತ್ರವಲ್ಲ, ನಮಗೂ ಉಂಟು. ಆದುದರಿಂದ ಮುಂಗಡ ಕೊಡುವ ಮೊದಲೇ, ಬಲ್ಲ ವಕೀಲರಿಂದ ಪ್ರತಿಯೊಂದು ಷರತ್ತಿನ ಅರ್ಥವನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ.