ನಕಲು ಸ್ನೀಕರ್‌ಗಳ ಮರುಮಾರಾಟ: ಲಾಭದ ಲೆಕ್ಕ, ಕಾನೂನಿನ ಹೊರೆ

ಆಟೋಟಕ್ಕೆಂದು ರೂಪುಗೊಂಡು ಇಂದು ನಿತ್ಯದ ಉಡುಪಿನ ಭಾಗವಾಗಿರುವ, ರಬ್ಬರ್ ಅಥವಾ ಫೋಮ್ ಅಟ್ಟೆಯ ಶೂಗಳನ್ನು ಸ್ನೀಕರ್ ಎನ್ನುತ್ತಾರೆ. 1985ರಲ್ಲಿ ನೈಕಿ ಕಂಪನಿಯು ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ ಹೆಸರಿನಲ್ಲಿ ಏರ್ ಜೋರ್ಡಾನ್ ಶೂಗಳನ್ನು ಮಾರುಕಟ್ಟೆಗೆ ತಂದ ನಂತರದ ದಶಕಗಳಲ್ಲಿ, ಮಿತವಾದ ಸಂಖ್ಯೆಯಲ್ಲಿ ಬಿಡುಗಡೆಯಾಗುವ ಮಾದರಿಗಳನ್ನು ಮುದ್ರಿತ ಬೆಲೆಗಿಂತ ಹೆಚ್ಚು ಕೊಟ್ಟಾದರೂ ಕೊಳ್ಳುವ ಒಂದು ವರ್ಗವೇ ಬೆಳೆಯಿತು. ಆ ಬೆಲೆ ಕೈಗೆಟುಕದವರ ಆಸೆಯನ್ನು ನಕಲು ಮಾರುಕಟ್ಟೆ ತನ್ನ ಬಂಡವಾಳ ಮಾಡಿಕೊಂಡಿತು.

ಈ ನಕಲುಗಳ ತವರೆಂದು ಹೆಸರಾಗಿರುವುದು ಚೀನಾದ ಫುಜಿಯಾನ್ ಪ್ರಾಂತ್ಯದ ಪುತಿಯಾನ್ ನಗರ. ವಿದೇಶಿ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಶೂ ಹೊಲಿದುಕೊಟ್ಟು ಪಳಗಿದ ಕೈಗಳು, ಯಂತ್ರಗಳು ಮತ್ತು ಕಚ್ಚಾ ಸಾಮಗ್ರಿ ಪೂರೈಸುವವರು ಅಲ್ಲಿ ಒಂದೆಡೆ ಸೇರಿದ್ದರಿಂದ ಅದು ಸಾಧ್ಯವಾಯಿತು. ಭಾರತದಲ್ಲಿ ದೆಹಲಿಯ ಕರೋಲ್ ಬಾಗ್‌ನ ಟ್ಯಾಂಕ್ ರೋಡ್ ಇಂಥ ಸರಕಿನ ಸಗಟು ಕೇಂದ್ರವೆಂದು ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿಯ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಹಲವು ವರ್ಷ ಕಾಣಿಸಿಕೊಂಡಿದೆ. ವರ್ತಕರು ಸರಕನ್ನು ‘ಫಸ್ಟ್ ಕಾಪಿ’, ‘ಸೆವೆನ್ ಎ’, ‘ಮಾಸ್ಟರ್ ಕಾಪಿ’ ಎಂದು ದರ್ಜೆ ಕಟ್ಟಿ ಮಾರುತ್ತಾರಾದರೂ ಈ ದರ್ಜೆಗಳನ್ನು ಯಾವ ಸಂಸ್ಥೆಯೂ ನಿಗದಿಪಡಿಸಿಲ್ಲವಾದ್ದರಿಂದ, ಒಬ್ಬನ ಮಾಸ್ಟರ್ ಕಾಪಿ ಇನ್ನೊಬ್ಬನ ಫಸ್ಟ್ ಕಾಪಿಗಿಂತ ಕಳಪೆಯಾಗಿರುವುದು ಸಾಮಾನ್ಯ.

ಇವನ್ನು ಕೊಂಡು ಮರುಮಾರಾಟ ಮಾಡುವುದರಲ್ಲಿ ಲಾಭವಿಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಹಾಕಬೇಕಾದ ಬಂಡವಾಳ ಕಡಿಮೆ, ಅಂಗಡಿ ಬೇಕಿಲ್ಲ, ಬೇಡಿಕೆಯನ್ನು ಮೂಲ ಕಂಪನಿಯ ಜಾಹೀರಾತೇ ಹುಟ್ಟಿಸಿಕೊಟ್ಟಿರುತ್ತದೆ. ಆದರೆ ಸಗಟು ಸರಕು ಬಿಡಿಯಾಗಿ ಸಿಗದೆ ಸಾಮಾನ್ಯವಾಗಿ ಸೆಟ್ಟಾಗಿ, ಅಂದರೆ 6ರಿಂದ 10ರವರೆಗಿನ ಅಳತೆಗಳ ಕಟ್ಟಾಗಿ ಬರುತ್ತದೆ. ಜೊತೆಯೊಂದಕ್ಕೆ 1,200 ರೂಪಾಯಿಯಂತೆ ಐದು ಜೊತೆಗೆ 6,000 ರೂಪಾಯಿ ತೆತ್ತವನು ಒಂದೊಂದನ್ನು 2,000ಕ್ಕೆ ಮಾರಿದನೆಂದು ಭಾವಿಸಿದರೆ, ಮೊದಲ ಮೂರು ಜೊತೆ ಅಸಲನ್ನಷ್ಟೇ ಹಿಂದಿರುಗಿಸುತ್ತವೆ. ಅವನ ಲಾಭವೆಲ್ಲ ನಿಧಾನವಾಗಿ ಮಾರಾಟವಾಗುವ ಕೊನೆಯ ಎರಡು ಅಳತೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅದರ ಮೇಲೆ ಕೊರಿಯರ್ ಖರ್ಚು, ಗಿರಾಕಿ ಬಾಗಿಲಲ್ಲಿ ಬೇಡವೆಂದು ವಾಪಸು ಕಳಿಸಿದ ಪೆಟ್ಟಿಗೆಗಳು, ಅಂಟು ಬಿಟ್ಟ ಅಟ್ಟೆಗಳು. ಬಿಲ್ಲಿಲ್ಲದೆ ಕೊಂಡ ಸರಕಿಗೆ ಸಗಟುದಾರ ಹೊಣೆಯಾಗುವುದಿಲ್ಲ.

ಎಲ್ಲಕ್ಕಿಂತ ಭಾರವಾದ ಅಪಾಯ ಕಾನೂನಿನದು, ಮತ್ತು ಇಲ್ಲಿಯೇ ತಪ್ಪು ತಿಳಿವಳಿಕೆ ಹೆಚ್ಚು. ‘ಇದು ಕಾಪಿ’ ಎಂದು ಗಿರಾಕಿಗೆ ಮೊದಲೇ ಹೇಳಿಬಿಟ್ಟರೆ ಅಪರಾಧವಲ್ಲವೆಂದು ಅನೇಕ ಯುವ ವ್ಯಾಪಾರಿಗಳು ನಂಬಿದ್ದಾರೆ. ಹಾಗೆ ಹೇಳುವುದರಿಂದ ವಂಚನೆಯ ಆರೋಪ ತಪ್ಪಬಹುದಾದರೂ, ನೋಂದಾಯಿತ ಚಿಹ್ನೆಯನ್ನು ಒಡೆಯನ ಒಪ್ಪಿಗೆಯಿಲ್ಲದೆ ಅಂಟಿಸಿದ ಸರಕನ್ನು ಮಾರಿದ ಅಪರಾಧ ಹಾಗೆಯೇ ಉಳಿಯುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 104ನೆಯ ಸೆಕ್ಷನ್, ಇಂಥ ಸರಕನ್ನು ಮಾರುವವನನ್ನೂ, ಮಾರಾಟಕ್ಕೆಂದು ದಾಸ್ತಾನು ಇಟ್ಟುಕೊಂಡವನನ್ನೂ ಶಿಕ್ಷೆಗೆ ಗುರಿಪಡಿಸುತ್ತದೆ: ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಸಾಕಷ್ಟು ಎಚ್ಚರ ವಹಿಸಿಯೂ ನಕಲೆಂದು ಅನುಮಾನಿಸಲು ಕಾರಣವಿರಲಿಲ್ಲವೆಂದು ರುಜುವಾತುಪಡಿಸಿದವನಿಗೆ ಈ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ‘ಫಸ್ಟ್ ಕಾಪಿ’ ಎಂದು ತಾನೇ ಜಾಹೀರು ಮಾಡಿದವನಿಗೆ ಆ ದಾರಿ ಮುಚ್ಚಿದಂತೆಯೇ. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದು, ವಾರಂಟ್ ಇಲ್ಲದೆಯೇ ಶೋಧಿಸಿ ಸರಕನ್ನು ಜಪ್ತಿ ಮಾಡಬಹುದು. ಸಿವಿಲ್ ದಾವೆಯಲ್ಲಿ ಕಂಪನಿಗಳು ‘ಅಶೋಕ್ ಕುಮಾರ್ ಆದೇಶ’ವನ್ನೂ, ಅಂದರೆ ಹೆಸರು ಗೊತ್ತಿಲ್ಲದ ಮಾರಾಟಗಾರರಿಗೂ ಅನ್ವಯಿಸುವ ತಡೆಯಾಜ್ಞೆಯನ್ನೂ ಪಡೆಯುವುದುಂಟು. ದೂರದ ಕಾರ್ಖಾನೆ ಕೈಗೆ ಸಿಗದಿದ್ದಾಗ ಮೊದಲು ಸಿಕ್ಕಿಬೀಳುವವನು ಜಾಹೀರಾತಿನಲ್ಲಿ ಫೋನ್ ನಂಬರನ್ನು ಬಹಿರಂಗವಾಗಿ ಹಾಕಿರುವ ಈ ಕೊನೆಯ ಮಾರಾಟಗಾರನೇ.

ಅಸಲಿ ಶೂ ಕೊಂಡು ಮರುಮಾರಾಟ ಮಾಡುವುದು ಬೇರೆಯೇ ಸಂಗತಿ. ಒಮ್ಮೆ ನ್ಯಾಯವಾಗಿ ಮಾರಾಟವಾದ ವಸ್ತುವಿನ ಮುಂದಿನ ಮಾರಾಟವನ್ನು ಚಿಹ್ನೆಯ ಒಡೆಯನು ಸಾಮಾನ್ಯವಾಗಿ ತಡೆಯಲಾರನೆಂಬ ತತ್ತ್ವ ಅದೇ ಕಾಯ್ದೆಯ 30ನೆಯ ಸೆಕ್ಷನ್‌ನಲ್ಲಿದೆ. ಅಷ್ಟು ಬಂಡವಾಳವಿಲ್ಲದವರಿಗೆ ಆಗ್ರಾ, ಹರಿಯಾಣದ ಬಹಾದ್ದೂರ್‌ಗಢದಂಥ ಕೇಂದ್ರಗಳಲ್ಲಿ ಯಾರ ಚಿಹ್ನೆಯನ್ನೂ ಕದಿಯದ ಶೂಗಳು ಸಗಟಿನಲ್ಲಿ ದೊರೆಯುತ್ತವೆ. ಜೊತೆಯೊಂದರ ಲಾಭ ಅಲ್ಲಿ ಕಡಿಮೆಯಿದ್ದರೂ ಬಿಲ್ಲು ಪಡೆದು ಕೊಂಡ ಜಿಎಸ್‌ಟಿ ನೋಂದಾಯಿತ ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಅಂಟು ಬಿಟ್ಟ ಜೊತೆಯನ್ನು ಸಗಟುದಾರನಿಗೆ ಹಿಂದಿರುಗಿಸುವಾಗ ಆ ಬಿಲ್ಲನ್ನೇ ಮುಂದಿಡಬಹುದು.